ಖಳನಿಲ್ಲದ ಕಷ್ಟಗಳು

‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರನ್ನು ಚಿತ್ರದುರ್ಗದಲ್ಲಿ ಯಾರೂ ಕೆಟ್ಟವರು ಅಂದದ್ದಿಲ್ಲ. ಊರೆಲ್ಲ ಪೋಲಿ ಎಂದು ಕೈಬಿಟ್ಟ ಹುಡುಗನನ್ನು ಮಗನ ಹಾಗೆ ಕಂಡವರು ಅವರು. ಆದರೂ ಕಥೆಯನ್ನು ಒಮ್ಮೆ ತಣ್ಣಗೆ ನೆನೆಸಿಕೊಳ್ಳಿ. ಆ ಹುಡುಗ ರಾಮಾಚಾರಿ ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಟ್ಟದ್ದು ಮೇಷ್ಟ್ರ ಮಾತಿಗೆ. ಆ ಮಾತಿನ ಹಿಂದೆ ಇದ್ದದ್ದು ಕುಲದ ಲೆಕ್ಕ, ಮರ್ಯಾದೆಯ ಲೆಕ್ಕ. ಆಮೇಲೆ ಅಲಮೇಲುವಿಗೆ ಸಿಕ್ಕ ಗಂಡನೇ ಅವಳನ್ನು ಮೈ ಮಾರುವ ದಂಧೆಗೆ ದೂಡುತ್ತಾನೆ. ಮಾರ್ಗರೆಟ್ ವಿಷಯದಲ್ಲೂ ಮೇಷ್ಟ್ರು ಅಡ್ಡ ನಿಲ್ಲುತ್ತಾರೆ. ಕೊನೆಗೆ ಗುರು, ಶಿಷ್ಯ, ಹುಡುಗಿ ಮೂವರೂ ಬೆಟ್ಟದ ಪಾಲು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದುಗೂಡಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ದುರ್ಗದ ಬಂಡೆಗಳ ಮೇಲೆ ತೆಗೆದ ಈ ಚಿತ್ರದಲ್ಲಿ ನನ್ನನ್ನು ಇವತ್ತಿಗೂ ಹಿಡಿದು ನಿಲ್ಲಿಸುವುದು ಹಾಡಲ್ಲ, ಕೋಟೆಯಲ್ಲ. ಒಬ್ಬ ಒಳ್ಳೆಯ ಮನುಷ್ಯ ಒಳ್ಳೆಯತನದಿಂದಲೇ ಮಾಡಿದ ಹಾನಿ.

ನಮ್ಮ ಸಿನಿಮಾ ಆಮೇಲೆ ಈ ದಾರಿಯಲ್ಲಿ ದೂರ ಹೋಗಲಿಲ್ಲ. ಗಾಂಧಿನಗರದ ಚಿತ್ರಕ್ಕೆ ಹೊಡೆಸಿಕೊಳ್ಳಲು ಒಬ್ಬ ಖಳ ಬೇಕೇ ಬೇಕು. ಪ್ರಶಸ್ತಿಗೆ ಹೋಗುವ ಚಿತ್ರಗಳಲ್ಲಿ ಹೊಡೆದಾಟ ಇರುವುದಿಲ್ಲ ಅನ್ನುವುದು ನಿಜ. ಆದರೆ ಅಲ್ಲೂ ಎಷ್ಟೋ ಸಲ ಗೌಡ, ಪುರೋಹಿತ, ಗುತ್ತಿಗೆದಾರ ಇವರಲ್ಲಿ ಒಬ್ಬರು ಮೊದಲ ಹತ್ತು ನಿಮಿಷದಲ್ಲೇ ತಪ್ಪಿತಸ್ಥರಾಗಿ ಬಿಟ್ಟಿರುತ್ತಾರೆ. ಉಳಿದ ಹೊತ್ತು ನಾವು ತಲೆಯಾಡಿಸುತ್ತ ಕೂರುವುದು. ಸಾಮಾಜಿಕ ಸಮಸ್ಯೆಯ ಸಿನಿಮಾ ಅಂದರೆ ಜನ ದೂರ ಸರಿಯುವುದಕ್ಕೆ ಇದೇ ಕಾರಣವಿರಬೇಕು: ತೀರ್ಪು ಮೊದಲೇ ಬರೆದಾಗಿದೆ. ಇರಾನಿನ ಪಾರಸಿ ಸಿನಿಮಾ ಕಳೆದ ನಲವತ್ತು ವರ್ಷಗಳಲ್ಲಿ ಇದಕ್ಕೆ ಸರಿಯಾಗಿ ಎದುರು ದಿಕ್ಕಿನಲ್ಲಿ ಕೆಲಸ ಮಾಡಿದೆ. ದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಓದುಗರಿಗೆ ಅದರ ಪರಿಚಯ ಮಾಡಿಕೊಡಲು ನನಗಿರುವ ಕಾರಣ, ಅಲ್ಲಿ ಕಾಣುವ ತಾಪತ್ರಯಗಳು ಬಹುಪಾಲು ನಮ್ಮ ಹಟ್ಟಿ, ನಮ್ಮ ಕೋರ್ಟು, ನಮ್ಮ ಆಸ್ಪತ್ರೆ ಪಡಸಾಲೆಯವೇ ಎಂಬುದು.

ಅಸ್ಗರ್ ಫರ್ಹಾದಿಯ ‘ಎ ಸೆಪರೇಷನ್’ (2011) ಮೊದಲ ದೃಶ್ಯದಲ್ಲಿ ಗಂಡ ಹೆಂಡತಿ ಇಬ್ಬರೂ ಕ್ಯಾಮೆರಾವನ್ನೇ ನೋಡುತ್ತ ಮಾತಾಡುತ್ತಾರೆ. ಅವರ ಎದುರಿಗಿರುವುದು ಕೌಟುಂಬಿಕ ನ್ಯಾಯಾಧೀಶ. ಆತನ ದನಿ ಕೇಳಿಸುತ್ತದೆ, ಮುಖ ಕಾಣುವುದಿಲ್ಲ. ಅಂದರೆ ಆ ಕುರ್ಚಿಯಲ್ಲಿ ಕೂತಿರುವವರು ನಾವು. ಹೆಂಡತಿ ಸಿಮಿನ್‌ಗೆ ಮಗಳನ್ನು ಕರೆದುಕೊಂಡು ವಿದೇಶಕ್ಕೆ ಹೋಗಬೇಕು. ಗಂಡ ನಾದೆರ್‌ಗೆ ಮರೆವಿನ ರೋಗದ ಅಪ್ಪನನ್ನು ಬಿಟ್ಟು ಹೋಗಲಾಗದು. ಅಪ್ಪನಿಗೆ ನೀನು ಮಗ ಅನ್ನುವುದೇ ಗೊತ್ತಿಲ್ಲವಲ್ಲ ಎಂದು ಅವಳು, ನನಗೆ ಅವನು ಅಪ್ಪ ಅನ್ನುವುದು ಗೊತ್ತಿದೆಯಲ್ಲ ಎಂದು ಅವನು. ಇಬ್ಬರೂ ಸರಿ.

ಅವಳು ತವರಿಗೆ ಹೋದ ಮೇಲೆ ಮುದುಕನನ್ನು ನೋಡಿಕೊಳ್ಳಲು ಬಡ ಹೆಂಗಸು ರಜಿಯೆ ಬರುತ್ತಾಳೆ. ಗಂಡನಿಗೆ ತಿಳಿಸದೆ ಬಂದಿದ್ದಾಳೆ, ಬಸುರಿ ಬೇರೆ. ಮುದುಕ ಬಟ್ಟೆ ಒದ್ದೆ ಮಾಡಿಕೊಂಡಾಗ, ಪರಗಂಡಸಿನ ಬಟ್ಟೆ ಬದಲಿಸಿದರೆ ಪಾಪ ಬರುತ್ತದೆಯೇ ಎಂದು ಧರ್ಮಗುರುಗಳ ಕಚೇರಿಗೆ ಫೋನು ಮಾಡಿ ಕೇಳುತ್ತಾಳೆ. ಇದನ್ನು ನಗಿಸಲು ತೆಗೆದಿಲ್ಲ, ಅಳಿಸಲೂ ತೆಗೆದಿಲ್ಲ. ಒಂದು ದಿನ ಅವಳು ಮುದುಕನನ್ನು ಮಂಚಕ್ಕೆ ಕಟ್ಟಿ ಹೊರಗೆ ಹೋಗಿರುತ್ತಾಳೆ. ನಾದೆರ್ ಸಿಟ್ಟಿನಲ್ಲಿ ಅವಳನ್ನು ಬಾಗಿಲಾಚೆ ದಬ್ಬುತ್ತಾನೆ. ಅವಳ ಗರ್ಭ ಇಳಿದುಹೋಗುತ್ತದೆ. ಅಲ್ಲಿಂದ ಮುಂದೆ ಇಡೀ ಚಿತ್ರ ಒಂದೇ ಪ್ರಶ್ನೆಯ ಬೆನ್ನು ಹತ್ತುತ್ತದೆ: ಅವಳು ಬಸುರಿ ಅನ್ನುವುದು ಅವನಿಗೆ ಗೊತ್ತಿತ್ತೇ? ಗೊತ್ತಿದ್ದರೆ ಜೈಲು. ಅವನು ಸುಳ್ಳು ಹೇಳುತ್ತಾನೆ, ಅವಳೂ ಒಂದು ಸತ್ಯ ಮುಚ್ಚಿಟ್ಟಿದ್ದಾಳೆ. ಹನ್ನೊಂದು ವರ್ಷದ ಮಗಳು ತೆರ್ಮೆ ಅಪ್ಪನ ಮುಖ ನೋಡುತ್ತಾಳೆ. ಕೊನೆಗೆ ಪರಿಹಾರದ ಹಣ ಕೊಟ್ಟು ಮುಗಿಸೋಣ ಅನ್ನುವ ಹಂತಕ್ಕೆ ಬಂದಾಗ, ಗ್ರಂಥ ಮುಟ್ಟಿ ಪ್ರಮಾಣ ಮಾಡು ಎಂದದ್ದಕ್ಕೆ ರಜಿಯೆ ಹಿಂಜರಿಯುತ್ತಾಳೆ. ಸಾಲಗಾರರು ಪಡಸಾಲೆಯಲ್ಲಿ ಕೂತಿದ್ದಾರೆ, ಆದರೂ ಅವಳ ಕೈ ಮುಂದೆ ಹೋಗುವುದಿಲ್ಲ.

ದೇವರ ಮುಂದೆ ಆಣೆ ಮಾಡು ಅಂದಾಗ ಕೇಸೇ ಬಗೆಹರಿದುಬಿಡುವ ನಮ್ಮ ಹಳ್ಳಿ ಪಂಚಾಯ್ತಿಗಳನ್ನು ಕಂಡವರಿಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಮಕ್ಕಳೆಲ್ಲ ಹೆದ್ದಾರಿ ಹಿಡಿದು ಬೆಂಗಳೂರು ಸೇರಿ, ಹಾಸಿಗೆ ಹಿಡಿದ ಅಪ್ಪನನ್ನು ಯಾರು ನೋಡಿಕೊಳ್ಳಬೇಕು ಎಂಬ ಮಾತಿಗೆ ಅಣ್ಣ ತಮ್ಮಂದಿರು ಮಾತು ಬಿಟ್ಟ ಮನೆಗಳು ಹೊಳಲ್ಕೆರೆ, ಹೊಸದುರ್ಗದ ಯಾವ ಬೀದಿಯಲ್ಲಿಲ್ಲ? ಈ ಚಿತ್ರಕ್ಕೆ 2012ರಲ್ಲಿ ಆಸ್ಕರ್ ಬಂತು. ಅದಕ್ಕಿಂತ ದೊಡ್ಡ ಮಾತು, ಇದರಲ್ಲಿ ಯಾರ ಮೇಲೂ ಕಲ್ಲೆಸೆಯಲು ನಮ್ಮ ಕೈ ಏಳುವುದಿಲ್ಲ.

ಈ ಗುಣ ಎಲ್ಲಿಂದ ಬಂತು? ಸ್ವಲ್ಪ ಹಿಂದೆ ಹೋಗಬೇಕು. ಪಾರಸಿ ಭಾಷೆಯ ಮೊದಲ ಮಾತಿನ ಚಿತ್ರ ತಯಾರಾದದ್ದು ಇರಾನಿನಲ್ಲಲ್ಲ, ಮುಂಬೈಯಲ್ಲಿ. ‘ಆಲಂ ಆರಾ’ ತೆಗೆದ ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಕಂಪನಿಯಲ್ಲಿ ಅಬ್ದುಲ್ ಹುಸೇನ್ ಸಪಂತಾ ಜೊತೆಗೂಡಿ ಮಾಡಿದ ‘ದೊಖ್ತರೆ ಲೋರ್’ 1933ರಲ್ಲಿ ತೆಹ್ರಾನಿನಲ್ಲಿ ತೆರೆ ಕಂಡಿತು. ಮರುವರ್ಷ ನಮ್ಮ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ ಕೊಲ್ಹಾಪುರದ ಸ್ಟುಡಿಯೋದಲ್ಲಿ ತಯಾರಾಗಿ ಬಂತು. ಎರಡು ಭಾಷೆಗಳ ಮಾತಿನ ಚಿತ್ರಗಳೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಪರವೂರಿನಲ್ಲಿ ಹುಟ್ಟಿದವು. ಆಮೇಲೆ ದಶಕಗಳ ಕಾಲ ಅಲ್ಲೂ ಹಾಡು, ಕುಣಿತ, ಹೊಡೆದಾಟದ ಚಿತ್ರಗಳದ್ದೇ ಕಾರುಬಾರು.

ತಿರುವು ಕೊಟ್ಟದ್ದು ದಾರಿಯುಷ್ ಮೆಹರ್‌ಜುಯಿಯ ‘ಗಾವ್’ (1969). ಗಾವ್ ಅಂದರೆ ಹಸು. ಬಡ ಹಳ್ಳಿಯೊಂದರಲ್ಲಿ ಒಂದೇ ಹಸು, ಹಸನ್ ಎಂಬವನದು. ಅದರ ಮೈ ತಿಕ್ಕುತ್ತಾನೆ, ಅದರ ಜೊತೆ ಮಾತಾಡುತ್ತಾನೆ, ಕೊಟ್ಟಿಗೆಯಲ್ಲೇ ಹೊತ್ತು ಕಳೆಯುತ್ತಾನೆ. ಅವನು ಊರಲ್ಲಿಲ್ಲದಾಗ ಹಸು ಸತ್ತುಹೋಗುತ್ತದೆ. ಅವನು ತಡೆದುಕೊಳ್ಳಲಾರ ಎಂದು ಊರವರು ಅದನ್ನು ಹೂತು, ಹಸು ತಪ್ಪಿಸಿಕೊಂಡು ಹೋಯಿತು ಎಂದು ಸುಳ್ಳು ಹೇಳುತ್ತಾರೆ. ಹಸನ್ ನಂಬುವುದಿಲ್ಲ. ಕೊಟ್ಟಿಗೆ ಸೇರಿ ಹುಲ್ಲು ತಿನ್ನತೊಡಗುತ್ತಾನೆ. ತಾನೇ ಆ ಹಸು ಅನ್ನುತ್ತಾನೆ. ಊರಿನ ಒಳ್ಳೆಯ ಮನಸ್ಸೇ ಅವನನ್ನು ಹುಚ್ಚಿಗೆ ದೂಡಿದ್ದು. ದೇವರ ಎತ್ತುಗಳಿಗೆಂದೇ ಕಿಲಾರಿಯನ್ನಿಟ್ಟು, ಬರದಲ್ಲಿ ಮೇವಿಗಾಗಿ ಊರೂರು ಅಲೆಯುವ ಮ್ಯಾಸಬೇಡರ ನಾಡು ನಮ್ಮದು. ತೆಹ್ರಾನಿನ ಪಂಡಿತರು ಈ ಚಿತ್ರಕ್ಕೆ ಹಚ್ಚಿದ ಸಂಕೇತ, ರೂಪಕದ ವ್ಯಾಖ್ಯಾನಗಳನ್ನೆಲ್ಲ ನಾಯಕನಹಟ್ಟಿ ಕಡೆಯ ಕಿಲಾರಿಯೊಬ್ಬ ಪಕ್ಕಕ್ಕಿಟ್ಟು ನೇರವಾಗಿ ನೋಡಬಲ್ಲ. ಮೆಹರ್‌ಜುಯಿ ಮತ್ತು ಅವರ ಪತ್ನಿಯನ್ನು 2023ರ ಅಕ್ಟೋಬರಿನಲ್ಲಿ ಅವರ ಮನೆಯಲ್ಲೇ ಕೊಲೆ ಮಾಡಲಾಯಿತು.

ಇನ್ನೊಂದು ಬೇರು ಮಕ್ಕಳದು. ಮಕ್ಕಳು ಮತ್ತು ಹದಿಹರೆಯದವರ ಬೌದ್ಧಿಕ ಬೆಳವಣಿಗೆಗೆಂದು 1965ರಲ್ಲಿ ಶುರುವಾದ ‘ಕಾನೂನ್’ ಎಂಬ ಸಂಸ್ಥೆಯ ಚಿತ್ರ ವಿಭಾಗ ಕಟ್ಟಲು ಕೈಜೋಡಿಸಿದವರು ಅಬ್ಬಾಸ್ ಕಿಯರೋಸ್ತಮಿ. ಅವರ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್’ (1987) ಕಥೆ ಇಷ್ಟೇ: ಎಂಟು ವರ್ಷದ ಹುಡುಗ ತಪ್ಪಿ ಗೆಳೆಯನ ನೋಟ್‌ಬುಕ್ಕನ್ನು ಮನೆಗೆ ತಂದಿದ್ದಾನೆ. ನಾಳೆ ಅದರಲ್ಲಿ ಹೋಂವರ್ಕ್ ಬರೆದು ತರದಿದ್ದರೆ ಗೆಳೆಯನನ್ನು ಶಾಲೆಯಿಂದ ಹೊರಗೆ ಹಾಕುತ್ತಾರೆ. ಹುಡುಗ ಪಕ್ಕದೂರಿಗೆ ಓಡುತ್ತಾನೆ. ದಾರಿಯಲ್ಲಿ ಸಿಗುವ ಯಾವ ದೊಡ್ಡವರೂ ಅವನ ಮಾತು ಕೇಳಿಸಿಕೊಳ್ಳುವುದಿಲ್ಲ. ಅವನ ಅಜ್ಜ ಕಟ್ಟೆಯ ಮೇಲೆ ಕೂತು, ಮಕ್ಕಳಿಗೆ ಕಾರಣವಿರಲಿ ಬಿಡಲಿ ಆಗಾಗ ಹೊಡೆಯುತ್ತಿರಬೇಕು, ಆಗಲೇ ಶಿಸ್ತು ಬರುವುದು ಅನ್ನುವ ಅರ್ಥದಲ್ಲಿ ಮಾತಾಡುತ್ತಾನೆ. ಇಡೀ ದೇಶದ ಆಡಳಿತ ಆ ಕಟ್ಟೆಯ ಮೇಲೆ ಬಂದು ಕೂತ ಹಾಗಿದೆ. ಅಜ್ಜನ ಮೇಲೆ ಸಿಟ್ಟು ಬರುತ್ತದೆ. ಮರುಕ್ಷಣ ನಮ್ಮ ಅಜ್ಜ ನೆನಪಾಗುತ್ತಾರೆ.

ನಮ್ಮಲ್ಲಿ ಇರಾನಿ ಸಿನಿಮಾ ಅಂದೊಡನೆ ಜನ ಹೇಳುವುದು ಮಜೀದ್ ಮಜೀದಿಯ ‘ಚಿಲ್ಡ್ರನ್ ಆಫ್ ಹೆವನ್’ (1997), ಆ ಶೂ ಕಳೆದ ಅಣ್ಣ ತಂಗಿಯ ಕಥೆ. ಮುದ್ದಾದ ಚಿತ್ರ, ಒಪ್ಪಿದೆ. ಆದರೆ ಮುದ್ದು ಅನ್ನುವ ಮಾತಿನ ಹಿಂದೆ ನಾವು ಬಚ್ಚಿಟ್ಟುಕೊಳ್ಳುತ್ತೇವೆ ಎಂಬ ಗುಮಾನಿ ನನಗೆ. ಒಂದು ಜೊತೆ ಬೂಟಿನಲ್ಲಿ ಇಬ್ಬರು ಮಕ್ಕಳು ಎರಡು ಪಾಳಿಯ ಶಾಲೆಗೆ ಓಡುವ ಸ್ಥಿತಿ, ಅಪ್ಪನಿಗೆ ಹೇಳಿದರೆ ಸಾಲ ಮಾಡಬೇಕಾಗುತ್ತದೆ ಎಂದು ಮಕ್ಕಳೇ ಮುಚ್ಚಿಡುವುದು, ತೆಹ್ರಾನಿನ ಶ್ರೀಮಂತರ ಬಡಾವಣೆಯಲ್ಲಿ ಕೆಲಸ ಕೇಳಲು ಗೇಟಿನ ಗಂಟೆ ಒತ್ತಿ ಅಪ್ಪ ತಬ್ಬಿಬ್ಬಾಗುವುದು, ಇವೆಲ್ಲ ಬಡತನದ ನಿಖರ ಲೆಕ್ಕಪತ್ರ. ಜಾಫರ್ ಪನಾಹಿಯ ‘ದ ವೈಟ್ ಬಲೂನ್’ (1995) ಇನ್ನೂ ಕಟು. ಹೊಸ ವರ್ಷಕ್ಕೆ ಚಿನ್ನದ ಮೀನು ಬೇಕೆಂದು ಹಟ ಹಿಡಿದ ಹುಡುಗಿಯ ನೋಟು ಮೋರಿಗೆ ಬೀಳುತ್ತದೆ. ಬಲೂನು ಮಾರುವ ಅಫ್ಘನ್ ಹುಡುಗ ತನ್ನ ಕೋಲು ಕೊಟ್ಟು ನೆರವಾಗುತ್ತಾನೆ. ನೋಟು ಸಿಕ್ಕಿದ್ದೇ ಅಣ್ಣ ತಂಗಿ ಅವನತ್ತ ತಿರುಗಿಯೂ ನೋಡದೆ ಓಡುತ್ತಾರೆ. ಹಬ್ಬದ ದಿನ ಮನೆಯಿಲ್ಲದ ಆ ಹುಡುಗನ ಮೇಲೆ ಚಿತ್ರ ನಿಲ್ಲುತ್ತದೆ. ಅಲ್ಲಿಯವರೆಗೆ ನಾವೂ ಅವನನ್ನು ಗಮನಿಸಿರುವುದಿಲ್ಲ.

ಹೆಣ್ಣಿನ ವಿಷಯಕ್ಕೆ ಬಂದರೆ ಪನಾಹಿಯ ‘ದ ಸರ್ಕಲ್’ (2000) ಹೆರಿಗೆ ಆಸ್ಪತ್ರೆಯ ಚಿಕ್ಕ ಕಿಂಡಿಯಿಂದ ಶುರುವಾಗುತ್ತದೆ. ಸ್ಕ್ಯಾನಿನಲ್ಲಿ ಗಂಡು ಎಂದಿದ್ದರು, ಹುಟ್ಟಿದ್ದು ಹೆಣ್ಣು. ಅಜ್ಜಿ ಗಾಬರಿಯಾಗಿ ಮೆಟ್ಟಿಲಿಳಿಯುತ್ತಾಳೆ, ಬೀಗರಿಗೆ ಏನು ಹೇಳುವುದು ಎಂದು. ಚಿತ್ರ ಮುಗಿಯುವುದು ಜೈಲಿನ ಕಿಂಡಿಯಲ್ಲಿ. ಅದೇ ಪನಾಹಿಯ ‘ಆಫ್‌ಸೈಡ್’ (2006) ಗಂಡುವೇಷದಲ್ಲಿ ಫುಟ್‌ಬಾಲ್ ನೋಡಲು ಹೋಗಿ ಸಿಕ್ಕಿಬಿದ್ದ ಹುಡುಗಿಯರದು. ಅವರನ್ನು ಕಾಯುವ ಸೈನಿಕ ಹಳ್ಳಿಯ ಹುಡುಗ, ಮನೆಯಲ್ಲಿ ದನ ಕಾಯಬೇಕಿತ್ತು, ಇಲ್ಲಿ ಕಡ್ಡಾಯ ಸೇವೆ. ನಿಯಮ ಯಾಕೆ ಎಂದು ಹುಡುಗಿ ಕೇಳಿದರೆ ಅವನ ಬಳಿ ಉತ್ತರವಿಲ್ಲ. ಅವನೂ ಒಂದು ಥರ ಬಂದಿ. ಇರಾನಿನ ಹೆಂಗಸರು ಆಜಾದಿ ಕ್ರೀಡಾಂಗಣದಲ್ಲಿ ಟಿಕೆಟ್ ಕೊಂಡು ಪಂದ್ಯ ನೋಡುವಂತಾದದ್ದು 2019ರ ಅಕ್ಟೋಬರಿನಲ್ಲಿ, ಅದೂ ಒಬ್ಬ ಅಭಿಮಾನಿ ಹುಡುಗಿ ಬೆಂಕಿ ಹಚ್ಚಿಕೊಂಡು ಸತ್ತ ಮೇಲೆ.

ಆದರೆ ನಮ್ಮ ಜಿಲ್ಲೆಗೆ ನೇರವಾಗಿ ತಾಕುವ ಚಿತ್ರ ಯಾವುದು ಎಂದರೆ ನಾನು ಸಮೀರಾ ಮಖ್ಮಲ್ಬಾಫ್ ಮಾಡಿದ ‘ದ ಆಪಲ್’ (1998) ಹೆಸರು ಹೇಳುತ್ತೇನೆ. ಚಿತ್ರೀಕರಣದ ಹೊತ್ತಿಗೆ ಆಕೆಗೆ ಹದಿನೇಳು ವರ್ಷ. ತೆಹ್ರಾನಿನ ಬಡ ಕೇರಿಯಲ್ಲಿ ಒಬ್ಬ ಮುದಿ ಅಪ್ಪ ಮತ್ತು ಕುರುಡಿ ತಾಯಿ ತಮ್ಮ ಅವಳಿ ಹೆಣ್ಣುಮಕ್ಕಳನ್ನು ಹುಟ್ಟಿದಾಗಿನಿಂದ ಮನೆಯೊಳಗೇ ಕೂಡಿಹಾಕಿದ್ದರು. ನೆರೆಯವರು ದೂರು ಕೊಟ್ಟರು, ಪತ್ರಿಕೆಯಲ್ಲಿ ಬಂತು. ಸಮೀರಾ ಕ್ಯಾಮೆರಾ ಹಿಡಿದು ಆ ಮನೆಗೇ ಹೋದಳು. ಅಪ್ಪ, ಅಮ್ಮ, ಮಕ್ಕಳು ತಾವು ತಾವೇ ಆಗಿ ನಟಿಸಿದರು. ಹೆಣ್ಣುಮಕ್ಕಳು ಹೂವಿನ ಹಾಗೆ, ಬಿಸಿಲು ಬಿದ್ದರೆ ಬಾಡುತ್ತಾರೆ ಎಂಬ ನಂಬಿಕೆ ಆ ಅಪ್ಪನದು. ಹೆಂಡತಿಗೆ ಕಣ್ಣಿಲ್ಲ, ತಾನು ಹೊರಗೆ ಹೋದಾಗ ಮಕ್ಕಳನ್ನು ಯಾರು ನೋಡಬೇಕು ಎಂಬ ಪ್ರಶ್ನೆಯೂ ಅವನದೇ. ಪೇಪರಿನವರು ಸರಪಳಿ ಹಾಕಿದ್ದೆ ಎಂದು ಬರೆದರು, ನಾನು ಹಾಕಿರಲಿಲ್ಲ ಎಂದು ಅವನು ಅಳುತ್ತಾನೆ. ಸಮಾಜಸೇವಕಿ ಬಂದು ಮಾಡುವ ಕೆಲಸ ವಿಚಿತ್ರ: ಮಕ್ಕಳನ್ನು ಬೀದಿಗೆ ಬಿಟ್ಟು, ಅಪ್ಪನನ್ನೇ ಒಳಗೆ ಹಾಕಿ ಬೀಗ ಜಡಿದು, ಕೈಗೊಂದು ಗರಗಸ ಕೊಡುತ್ತಾಳೆ. ಸರಳು ಕೊಯ್ದುಕೊಂಡು ಹೊರಗೆ ಬಾ ಅನ್ನುತ್ತಾಳೆ.

ಈಗ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಗೊಲ್ಲರಹಟ್ಟಿಗಳಿಗೆ ಬನ್ನಿ. ಮುಟ್ಟಾದ ಹೆಂಗಸರು, ಹೆತ್ತ ಬಾಣಂತಿಯರು ಹಟ್ಟಿಯಿಂದ ಹೊರಗೆ ಗುಡಿಸಿಲಿನಲ್ಲಿ ಇರಬೇಕೆಂಬ ಪದ್ಧತಿ ಕಾಡುಗೊಲ್ಲರಲ್ಲಿ ಬಹಳ ಕಾಲದಿಂದ ಬಂದದ್ದು. ಹಲವು ಹಟ್ಟಿಗಳಲ್ಲಿ ಸಡಿಲವಾಗಿದೆ, ಪೂರ್ತಿ ಹೋಗಿಲ್ಲ. 2023ರಲ್ಲಿ ಪಕ್ಕದ ತುಮಕೂರು ಜಿಲ್ಲೆಯ ಹಟ್ಟಿಯೊಂದರಲ್ಲಿ ಮಳೆ ಚಳಿಯ ನಡುವೆ ಗುಡಿಸಿಲಿನಲ್ಲಿದ್ದ ಎಳೆಗೂಸು ತೀರಿಕೊಂಡು ದೊಡ್ಡ ಸುದ್ದಿಯಾಯಿತು. ಇದನ್ನು ನಮ್ಮ ಅಭ್ಯಾಸದ ಹಾಗೆ ಸಿನಿಮಾ ಮಾಡಿದರೆ ಏನಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಮೀಸೆ ಹೊತ್ತ ಹಟ್ಟಿ ಯಜಮಾನ, ಮೈಮೇಲೆ ದೇವರು ಬರುವ ಪೂಜಾರಿ, ಓದಿದ ಸೊಸೆ, ಜೀಪಿನಲ್ಲಿ ಬಂದಿಳಿಯುವ ಅಧಿಕಾರಿ, ಕೊನೆಗೊಂದು ಭಾಷಣ.

ಸಮೀರಾಳ ಕಣ್ಣಿದ್ದರೆ ಕ್ಯಾಮೆರಾ ಅತ್ತೆಯ ಹಿಂದೆ ಹೋದೀತು. ಸೊಸೆಗೆ ಗುಡಿಸಿಲಿನ ಬಳಿ ಊಟ ಇಟ್ಟು, ಮುಟ್ಟದೆ ಹಿಂದೆ ಸರಿಯುವ ಅತ್ತೆ. ಆಕೆಯೂ ಇಂಥದೇ ಗುಡಿಸಿಲಿನಲ್ಲಿ ಮಕ್ಕಳನ್ನು ಹೆತ್ತು ಹಟ್ಟಿಗೆ ತಂದವಳು. ದನ ಕುರಿಗಳಿಗೆ ಏನಾದರೂ ಆದರೆ ದೇವರ ಮುನಿಸು ಎಂಬ ಭಯ ಆಕೆಗೆ ನಾಟಕವಲ್ಲ. ಜೊತೆಗೆ ಸರ್ಕಾರ ತಂದ ಇಕ್ಕಟ್ಟೂ ಇದೆ. ಹೆಂಗಸರು ಮಳೆಯಲ್ಲಿ ನೆನೆಯುವುದು ಬೇಡ ಎಂದು ಮಹಿಳಾ ಭವನ, ಕೃಷ್ಣ ಕುಟೀರ ಎಂಬ ಹೆಸರಲ್ಲಿ ಹಟ್ಟಿಗಳ ಬಳಿ ಪಕ್ಕಾ ಕಟ್ಟಡಗಳು ಎದ್ದವು. ಸಿಮೆಂಟು ಗೋಡೆ ಕಟ್ಟಿದರೆ ಹೆಂಗಸಿನ ಜೀವ ಉಳಿಯುತ್ತದೆ, ಪದ್ಧತಿಯೂ ಗಟ್ಟಿಯಾಗುತ್ತದೆ. ಕಟ್ಟದಿದ್ದರೆ ಪದ್ಧತಿಗೆ ಸರ್ಕಾರದ ಮುದ್ರೆ ಬೀಳುವುದಿಲ್ಲ, ಇವತ್ತು ರಾತ್ರಿ ಒಬ್ಬಳು ನೆನೆಯುತ್ತಾಳೆ. ಆ ಕಡತಕ್ಕೆ ಸಹಿ ಹಾಕಬೇಕಾದ ಅಧಿಕಾರಿಯನ್ನು ಮುಖ್ಯ ಪಾತ್ರ ಮಾಡಿ ಯಾರಾದರೂ ಒಂದು ಚಿತ್ರ ತೆಗೆಯಲಿ, ಟಿಕೆಟ್ ಸಾಲಿನಲ್ಲಿ ಮೊದಲು ನಾನಿರುತ್ತೇನೆ.

ಕನ್ನಡದಲ್ಲಿ ಅಂಥವರೇ ಇಲ್ಲವೆನ್ನುವುದು ಅನ್ಯಾಯ. ಪೃಥ್ವಿ ಕೋಣನೂರು ಅವರ ‘ಪಿಂಕಿ ಎಲ್ಲಿ?’ (2020) ದುಡಿಯುವ ತಾಯಿಯ ಕೂಸನ್ನು ಮನೆಕೆಲಸದವಳು ಭಿಕ್ಷೆಗೆಂದು ಬಾಡಿಗೆಗೆ ಕೊಟ್ಟು, ಕೂಸು ಕಾಣೆಯಾಗುವ ಕಥೆ; ಕೂಸು ಕೈ ಬದಲಾದಂತೆಲ್ಲ ಪ್ರತಿಯೊಬ್ಬರ ಕಾರಣವೂ ಅರ್ಥವಾಗುತ್ತ ಹೋಗಿ ಹೊಟ್ಟೆ ತೊಳೆಸುತ್ತದೆ. ಅವರದೇ ‘ಹದಿನೇಳೆಂಟು’ (2022) ಪಿಯು ಓದುವ ಹುಡುಗ ಹುಡುಗಿಯ ಖಾಸಗಿ ವಿಡಿಯೊ ಹೊರಬಿದ್ದಾಗ ಕಾಲೇಜು, ಮನೆ, ಜಾತಿ, ಕೋರ್ಟು ಹೇಗೆ ಒಂದೊಂದಾಗಿ ಬಂದು ಕೂರುತ್ತವೆ ಎಂಬುದನ್ನು ದನಿ ಏರಿಸದೆ ತೋರಿಸುತ್ತದೆ. ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ ಕೊಪ್ಪಳ ಸೀಮೆಯ ಯರೇಹಂಚಿನಾಳದಲ್ಲಿ ಊರಿನವರನ್ನೇ ಇಟ್ಟುಕೊಂಡು ತೆಗೆದದ್ದು. ಬಿಸಿಯೂಟದ ಅಡುಗೆಯ ಹೆಂಗಸು ಚೈನ್ ಕಂಪನಿಯ ಪುಡಿ ಮಾರಿ ಉದ್ಧಾರವಾಗಲು ಹೊರಡುತ್ತಾಳೆ. 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ನಮ್ಮ ತಾಲ್ಲೂಕುಗಳಲ್ಲಿ ಎಷ್ಟು ಜನ ನೋಡಿದರು ಎಂದು ಕೇಳಿದರೆ ಮಾತ್ರ ಮುಜುಗರ.

ಇರಾನಿ ಚಿತ್ರಗಳ ಈ ಸಂಯಮಕ್ಕೆ ಅಲ್ಲಿನ ಸೆನ್ಸಾರೇ ಕಾರಣ, ಕಟ್ಟುಪಾಡಿನಿಂದಲೇ ಕಲೆ ಅರಳಿತು ಎಂದು ವಿಚಾರಸಂಕಿರಣಗಳಲ್ಲಿ ಹೇಳುವವರಿದ್ದಾರೆ. ನನಗೆ ಈ ಮಾತು ಸೇರುವುದಿಲ್ಲ. 2010ರಲ್ಲಿ ಪನಾಹಿಗೆ ಆರು ವರ್ಷ ಜೈಲು, ಇಪ್ಪತ್ತು ವರ್ಷ ಸಿನಿಮಾ ಮಾಡಬಾರದೆಂಬ ನಿಷೇಧ ವಿಧಿಸಿದರು. ಆತ ಮನೆಯೊಳಗೆ ಕೂತು ‘ದಿಸ್ ಈಸ್ ನಾಟ್ ಎ ಫಿಲ್ಮ್’ ಮಾಡಿದ, ಟ್ಯಾಕ್ಸಿ ಓಡಿಸುತ್ತ ‘ಟ್ಯಾಕ್ಸಿ’ ಮಾಡಿದ. 2022ರಲ್ಲಿ ಮತ್ತೆ ಒಳಗೆ ಹಾಕಿದರು. ಉಪವಾಸ ಕೂತ ಮೇಲೆ 2023ರ ಫೆಬ್ರುವರಿಯಲ್ಲಿ ಬಿಟ್ಟರು. ಇನ್ನೊಬ್ಬ ನಿರ್ದೇಶಕ ಮೊಹಮ್ಮದ್ ರಸೂಲೋಫ್ ಎಂಟು ವರ್ಷದ ಶಿಕ್ಷೆ, ಛಡಿಯೇಟಿನ ತೀರ್ಪು ಕೇಳಿ 2024ರಲ್ಲಿ ಗುಡ್ಡ ಹತ್ತಿ ದೇಶ ಬಿಟ್ಟರು. ಅದಕ್ಕೂ ಮುಂಚೆ, 2022ರ ಡಿಸೆಂಬರಿನಲ್ಲಿ ಕೇರಳದ ಚಿತ್ರೋತ್ಸವ ನಿರ್ದೇಶಕಿ ಮಹನಾಜ್ ಮೊಹಮ್ಮದಿಗೆ ಗೌರವ ಕೊಟ್ಟಾಗ ಆಕೆಗೆ ದೇಶ ಬಿಟ್ಟು ಬರಲಾಗಲಿಲ್ಲ. ತನ್ನ ಕೂದಲ ಎಳೆಯೊಂದನ್ನು ಕತ್ತರಿಸಿ ಕಳಿಸಿದರು, ತಿರುವನಂತಪುರದ ವೇದಿಕೆಯಲ್ಲಿ ಅದನ್ನು ಎತ್ತಿ ಹಿಡಿಯಲಾಯಿತು. ಇವರನ್ನೆಲ್ಲ ಸೆನ್ಸಾರಿನ ಕೃಪೆಯಿಂದ ದೊಡ್ಡವರಾದವರು ಅನ್ನುವುದು ಹೇಗೆ? ಆ ನಿಯಮಗಳು ಚಿತ್ರಗಳಿಗೆ ಗಾಯವನ್ನೂ ಮಾಡಿವೆ. ಮಲಗುವ ಕೋಣೆಯಲ್ಲಿ ಗಂಡನ ಮುಂದೆಯೂ ಹೆಣ್ಣು ತಲೆವಸ್ತ್ರ ಹೊದ್ದೇ ಕಾಣುವ ಸುಳ್ಳನ್ನು ಫರ್ಹಾದಿಯಂಥವರೂ ನುಂಗಿಕೊಂಡಿದ್ದಾರೆ. ಈಚಿನ ಕೆಲವರು, ‘ಮೈ ಫೇವರಿಟ್ ಕೇಕ್’ (2024) ಮಾಡಿದ ಜೋಡಿಯ ಹಾಗೆ, ಆ ನಿಯಮ ಮುರಿದೇ ಚಿತ್ರ ತೆಗೆದು ಕೋರ್ಟು ಹತ್ತಿದ್ದಾರೆ.

ಇನ್ನೊಂದು ದೂರು ನಮಗೂ ಪರಿಚಿತ. ಹೊರದೇಶದ ಉತ್ಸವಗಳಿಗಾಗಿ ನಾಡಿನ ಕೊಳಕನ್ನೇ ತೋರಿಸುತ್ತಾರೆ ಎಂದು ಇರಾನಿನ ಅಧಿಕಾರಸ್ಥರು ಈ ನಿರ್ದೇಶಕರನ್ನು ಬೈಯುತ್ತಾರೆ. ಗಿರೀಶ ಕಾಸರವಳ್ಳಿಯವರ ಚಿತ್ರಗಳ ಬಗ್ಗೆ ಇಲ್ಲಿ ಕೇಳಿಬಂದ ಗೊಣಗಾಟವೂ ಹೆಚ್ಚು ಬೇರೆಯಲ್ಲ. ಕೆಲವು ಚಿತ್ರಗಳಿಗೆ ಈ ದೂರು ಅನ್ವಯಿಸುತ್ತದೆ, ಇಲ್ಲವೆನ್ನಲಾರೆ. ರಖ್ಶಾನ್ ಬನಿ ಎತೆಮಾದ್ ಅವರ ‘ಅಂಡರ್ ದ ಸ್ಕಿನ್ ಆಫ್ ದ ಸಿಟಿ’ (2001) ನೋಡಿದವರು ಮಾತ್ರ ಆ ಮಾತು ಆಡಲಾರರು. ಬಟ್ಟೆ ಕಾರ್ಖಾನೆಯಲ್ಲಿ ದುಡಿಯುವ ತಾಯಿ ತೂಬಾ, ಮನೆ ಮಾರಿ ವಿದೇಶಕ್ಕೆ ಹೋಗಲು ಹೊರಟ ಮಗ, ಹೊಡೆಸಿಕೊಂಡು ತವರಿಗೆ ಓಡಿಬರುವ ಮಗಳು. ಅದು ಸ್ವಂತ ಜನರಿಗಾಗಿಯೇ ಮಾಡಿದ ಚಿತ್ರ.

2025ರ ಮೇ ತಿಂಗಳಲ್ಲಿ ಕಾನ್ ಉತ್ಸವದ ಅತಿ ದೊಡ್ಡ ಪ್ರಶಸ್ತಿ ಪನಾಹಿಯ ‘ಇಟ್ ವಾಸ್ ಜಸ್ಟ್ ಆ್ಯನ್ ಆ್ಯಕ್ಸಿಡೆಂಟ್’ ಚಿತ್ರಕ್ಕೆ ಬಂತು. ಜೈಲಿನಲ್ಲಿ ಹಿಂಸೆ ಅನುಭವಿಸಿ ಬಂದ ಮೆಕ್ಯಾನಿಕ್ ಒಬ್ಬನಿಗೆ ಒಂದು ರಾತ್ರಿ ಕೃತಕ ಕಾಲಿನ ಕಿರುಗುಟ್ಟುವ ಸದ್ದು ಕೇಳಿಸುತ್ತದೆ. ತನ್ನನ್ನು ಹಿಂಸಿಸಿದವನ ನಡಿಗೆಯ ಸದ್ದು ಅದೇ. ಆ ಮನುಷ್ಯನನ್ನು ಹೊತ್ತು ವ್ಯಾನಿಗೆ ಹಾಕಿಕೊಳ್ಳುತ್ತಾನೆ, ಹೂಳಲು ಗುಂಡಿಯನ್ನೂ ತೋಡುತ್ತಾನೆ. ಅಷ್ಟರಲ್ಲಿ ಇವನೇ ಅವನೋ ಅಲ್ಲವೋ ಎಂಬ ಅನುಮಾನ. ಜೈಲಿನಲ್ಲಿ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿದ್ದರಲ್ಲ! ಜೊತೆಯ ಕೈದಿಗಳ ಬಳಿ ಒಬ್ಬೊಬ್ಬರಾಗಿ ಹೋಗಿ ಗುರುತು ಕೇಳುತ್ತಾನೆ. ಖಳ ಕೈಗೆ ಸಿಕ್ಕಿದಾಗಲೂ ತೀರ್ಪು ಸುಲಭವಾಗಲಿಲ್ಲ.

ನೋಡುವುದು ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಹೋಗಿಬರಲು ಎಲ್ಲರಿಗೂ ಆಗದು. ಫೋನಿನಲ್ಲಿ ಸಿಗುತ್ತವೆ, ಆದರೆ ಅಡಿಬರಹ ಇಂಗ್ಲಿಷಿನಲ್ಲಿ. ಇಲ್ಲಿ ನೆನಪಾಗುವುದು ಹೆಗ್ಗೋಡು. ಕೆ.ವಿ. ಸುಬ್ಬಣ್ಣ ನೀನಾಸಮ್ ಚಿತ್ರಸಮಾಜ ಕಟ್ಟಿ 70ರ ದಶಕದಲ್ಲೇ ಅಡಿಕೆ ತೋಟದ ಊರಿನವರಿಗೆ ‘ಬೈಸಿಕಲ್ ಥೀವ್ಸ್’, ‘ಪಥೇರ್ ಪಾಂಚಾಲಿ’ಯಂಥ ಚಿತ್ರ ತೋರಿಸಿದರು, ಹಳ್ಳಿಯವರಿಗೆ ಅರ್ಥವಾಗದು ಎಂದು ಹೆದರಲಿಲ್ಲ. ನಮ್ಮ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ‘ಶಿವಸಂಚಾರ’ ಪ್ರತಿವರ್ಷ ಮೂರು ನಾಟಕ ಕಟ್ಟಿಕೊಂಡು ನಾಡು ಸುತ್ತುತ್ತದೆ. ನವೆಂಬರಿನ ನಾಟಕೋತ್ಸವಕ್ಕೆ ಸುತ್ತಲಿನ ಹಳ್ಳಿಗಳ ಜನ ಬಯಲು ರಂಗಮಂದಿರದ ಮೆಟ್ಟಿಲು ತುಂಬಿ ಕೂರುತ್ತಾರೆ. ಅಂಥ ಪ್ರೇಕ್ಷಕರ ಮುಂದೆ ಒಂದು ಬಿಳಿ ಪರದೆ ಕಟ್ಟಿ ‘ಗಾವ್’ ಹಾಕಬಹುದು. ಅದರಲ್ಲಿ ಮಾತು ಕಡಿಮೆ. ಶುರುವಿಗೆ ಮುಂಚೆ ಕನ್ನಡದಲ್ಲಿ ಹತ್ತು ನಿಮಿಷ ಕಥೆ ಹೇಳಿ, ಕೈಗೊಂದು ಪುಟದ ಸಾರಾಂಶ ಕೊಟ್ಟರೆ ಸಾಕು. ಶಾಲೆ ಮಕ್ಕಳಿಗೆ ಹಗಲಿನಲ್ಲಿ ಆ ನೋಟ್‌ಬುಕ್ಕಿನ ಚಿತ್ರ, ಮೇಷ್ಟ್ರುಗಳೂ ಜೊತೆಗೆ ಕೂರುವ ಕರಾರಿನ ಮೇಲೆ. ‘ಎ ಸೆಪರೇಷನ್’ ಅನ್ನು ತಾಲ್ಲೂಕು ವಕೀಲರ ಸಂಘದವರು ತಾವೇ ಹಾಕಿಕೊಳ್ಳಲಿ, ಎರಡು ಗಂಟೆಯ ಚಿತ್ರ, ಶನಿವಾರ ಮಧ್ಯಾಹ್ನಕ್ಕೆ ಸರಿಹೋಗುತ್ತದೆ. ಮುಗಿದ ಮೇಲೆ ಯಾರ ಪರ ವಾದ ಮಾಡುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಬೇಕು.